ಲಿವರ್ ಆಪರೇಷನ್ ಆಯ್ತಾ? ಅಮೃತಬಳ್ಳಿ ಕಷಾಯ ಪಕ್ಕಕ್ಕಿಡಿ

ಲಿವರ್ ಸರ್ಜರಿ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಡಿಸ್ಚಾರ್ಜ್ ಹೊತ್ತಿಗೆ ಮನೆಯವರ ಪ್ರಶ್ನೆ ಹೆಚ್ಚಾಗಿ ಒಂದೇ: "ಸಿಸ್ಟರ್, ಇಮ್ಯುನಿಟಿ ಜಾಸ್ತಿ ಆಗೋಕೆ ಏನು ಕೊಡೋಣ?" ಏನೂ ಬೇಡ ಅಂದರೆ ಮುಖ ಸಪ್ಪಗಾಗುತ್ತದೆ. ಅದಕ್ಕೇ ಒಳಗೆ ಏನು ನಡೆಯುತ್ತಿದೆ ಅಂತ ಮೊದಲು ಹೇಳಿಬಿಡುತ್ತೇನೆ.

ಲಿವರಿನ ಸಣ್ಣ ಸಣ್ಣ ರಕ್ತನಾಳಗಳಲ್ಲಿ ಕುಪ್ಫರ್ ಕೋಶಗಳು ಕೂತಿರುತ್ತವೆ. ಇವು ರೋಗನಿರೋಧಕ ಕೋಶಗಳೇ. ಕರುಳಿನಿಂದ ರಕ್ತದ ಜೊತೆ ಬರುವ ಬ್ಯಾಕ್ಟೀರಿಯಾ ಚೂರುಗಳನ್ನು ನುಂಗುವುದು ಇವುಗಳ ದಿನದ ಕೆಲಸ. ಲಿವರಿನ ಒಂದು ಭಾಗ ತೆಗೆದರೆ ಆ ರಕ್ತವೆಲ್ಲ ಉಳಿದ ಭಾಗಕ್ಕೇ ನುಗ್ಗುತ್ತದೆ. ಆಗ ಕುಪ್ಫರ್ ಕೋಶಗಳು ಚುರುಕಾಗಿ ಟಿಎನ್‌ಎಫ್, ಐಎಲ್-6 ಅನ್ನುವ ಉರಿಯೂತದ ಪ್ರೋಟೀನುಗಳನ್ನು ಬಿಡುತ್ತವೆ. ಲಿವರ್ ಕೋಶಗಳು ಬೆಳೆಯೋಕೆ ತಯಾರಾಗುವುದು ಈ ಸೂಚನೆ ಸಿಕ್ಕ ಮೇಲೆ. ಐಎಲ್-6 ಇಲ್ಲದ ಇಲಿಗಳಲ್ಲಿ ಲಿವರ್ ಸರಿಯಾಗಿ ಬೆಳೆಯುವುದಿಲ್ಲ ಅಂತ 1996ರಲ್ಲೇ ಗೊತ್ತಾಗಿತ್ತು. ಆದರೆ ಇದೇ ಉರಿಯೂತ ಅತಿಯಾದರೆ ಪೆಟ್ಟು ಬೀಳುವುದೂ ಲಿವರಿಗೇ. ಹದವಾಗಿದ್ದರೆ ಸಾಕು, ಅಲ್ವಾ?

ಸಿಆರ್‌ಪಿ (ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತದ ಪ್ರೋಟೀನ್) ರಿಪೋರ್ಟ್ ನೋಡಿ ಗಾಬರಿಯಾಗುವವರು ಬಹಳ. ಆಪರೇಷನ್ ಆದ ಮೊದಲ 2-3 ದಿನ ಅದು ಏರುವುದು ಸಹಜ. ಐಎಲ್-6 ಹೆಚ್ಚಾದಾಗ ಲಿವರೇ ಅದನ್ನು ತಯಾರಿಸುತ್ತದೆ. ಆಮೇಲೆ ಇಳಿಯುತ್ತಾ ಬರಬೇಕು. ಇಳಿದದ್ದು ಮತ್ತೆ ಏರಿದರೆ ಸೋಂಕಿರಬಹುದು, ಡಾಕ್ಟರನ್ನು ಕೇಳಿ. ಒಂದು ದಿನದ ನಂಬರ್ ಹಿಡಿದು ಸುಮ್ನೆ ಗೂಗಲ್ ಮಾಡುತ್ತಾ ಕೂರಬೇಡಿ.

ಇನ್ನು ಅಮೃತಬಳ್ಳಿ. ಕೋವಿಡ್ ಸಮಯದಲ್ಲಿ ಅದನ್ನು ಸೇವಿಸಿದ ಕೆಲವರಿಗೆ ಲಿವರ್ ಉರಿಯೂತ ಬಂದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ನಿರೋಧಕ ಕೋಶಗಳು ತಮ್ಮದೇ ಲಿವರ್ ಮೇಲೆ ತಿರುಗಿಬಿದ್ದ ಲಕ್ಷಣಗಳು ಅವರಲ್ಲಿದ್ದವು. ಬೆಳೆಯುತ್ತಿರುವ ಲಿವರಿಗೆ ಈ ತಾಪತ್ರಯ ಯಾಕೆ? ನೆಲನೆಲ್ಲಿ ರಸ, ಪ್ರೋಟೀನ್ ಪೌಡರ್, ಯಾವುದೇ ಇರಲಿ, ಡಾಕ್ಟರಿಗೆ ತೋರಿಸದೆ ಕೊಡಬೇಡಿ. ಪ್ಯಾರಾಸಿಟಮಾಲ್ ಕೂಡ ಬರೆದುಕೊಟ್ಟಷ್ಟೇ. ಮದ್ಯ ಬೇಡವೇ ಬೇಡ.

ಕೊಡಬೇಕಾದದ್ದು ಊಟ. ಮೊಟ್ಟೆ, ಬೇಳೆ, ಮೊಸರು, ಮೀನು. ಒಮ್ಮೆಲೇ ಹೋಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ. ಪಥ್ಯ ಅಂತ ಬರೀ ಗಂಜಿಯಲ್ಲಿ ಇಡುವ ಅಜ್ಜಿಯರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ದಿನಾ ನಡೆಸಿ, ಉಸಿರಾಟದ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್ ಊದಿಸಬೇಡಿ, ಒಳಕ್ಕೆ ಎಳೆಸಿ.

ಲಿವರ್ ಕಸಿ ಮಾಡಿಸಿಕೊಂಡವರ ಲೆಕ್ಕವೇ ಬೇರೆ. ಅವರ ನಿರೋಧಕ ಕೋಶಗಳಿಗೆ ಹೊಸ ಲಿವರ್ ಹೊರಗಿನದು. ಅದಕ್ಕೇ ಟ್ಯಾಕ್ರೋಲಿಮಸ್ ಕೊಟ್ಟು ಅವುಗಳನ್ನು ಹಿಡಿತದಲ್ಲಿಡುತ್ತಾರೆ. ದಿನಾ ಅದೇ ಹೊತ್ತಿಗೆ ಮಾತ್ರೆ ನುಂಗಬೇಕು. ದೇವನಹಳ್ಳಿ ಚಕ್ಕೋತ ಎಷ್ಟೇ ಇಷ್ಟವಿದ್ದರೂ ಅವರು ತಿನ್ನುವಂತಿಲ್ಲ, ರಕ್ತದಲ್ಲಿ ಆ ಔಷಧಿಯ ಮಟ್ಟ ಏರಿಬಿಡಬಹುದು. ಲಿವರ್ ದಾನ ಕೊಟ್ಟವರಿಗೆ ಈ ಮಾತ್ರೆ ಇರುವುದಿಲ್ಲ.

100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಕಣ್ಣು ಹಳದಿ, ಹೊಟ್ಟೆ ಉಬ್ಬರ, ಗಾಯದಲ್ಲಿ ಕೀವು, ಮಾತು ತೊದಲಿ ವಿಪರೀತ ಮಂಪರು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಡಿಸ್ಚಾರ್ಜ್ ಸಮರಿ ಕೈಯಲ್ಲಿ ಹಿಡಿದು ಆಪರೇಷನ್ ಆದ ಆಸ್ಪತ್ರೆಗೇ ಹೊರಡಿ.