ಕಲೀಲ ಮತ್ತು ದಿಮ್ನರ ಹಸ್ತಪ್ರತಿಯನ್ನು ನೋಡುವ ಬಗೆ

ಪ್ರಾಣಿಕಥೆಗಳಿರುವ ಹಳೆಯ ಪರ್ಷಿಯನ್ ಹಸ್ತಪ್ರತಿಯೊಂದು ಮುಂದೆ ತೆರೆದುಕೊಂಡಾಗ ಕಣ್ಣು ಮೊದಲು ಹೋಗುವುದು ಚಿನ್ನದ ಮೇಲೆ. ಅದು ಸಹಜವೇ, ಆದರೆ ನೋಟ ಅಲ್ಲಿಯೇ ನಿಲ್ಲಬಾರದು. ಕಥೆ ತಿಳಿಯದೆ ಚಿತ್ರ ನೋಡುವವರಿಗೆ ಒಂದು ಸಿಂಹ, ಒಂದು ಎತ್ತು, ಮೂಲೆಯಲ್ಲಿ ಎರಡು ನರಿಗಳು ಕಾಣುತ್ತವೆ. ಕಥೆ ಬಲ್ಲವರಿಗೆ ಯಾರ ಚಾಡಿಯಿಂದ ಯಾರು ಸಾಯುತ್ತಿದ್ದಾರೆ ಎಂಬುದು ಕಾಣುತ್ತದೆ. ಆದ್ದರಿಂದ ಹಸ್ತಪ್ರತಿಯನ್ನು ಮುಟ್ಟುವ ಮೊದಲು ಕಥೆಗಳನ್ನು ಒಮ್ಮೆ ಓದಿಕೊಳ್ಳುವುದು ಮೊದಲ ಕೆಲಸ.

ಕನ್ನಡದ ಓದುಗರಿಗೆ ಈ ಕೆಲಸ ಅರ್ಧ ಮುಗಿದಂತೆಯೇ ಇದೆ. ಪಂಚತಂತ್ರದ ಕರಟಕ ಮತ್ತು ದಮನಕರೇ ಅಲ್ಲಿ ಕಲೀಲ ಮತ್ತು ದಿಮ್ನ, ಸಂಜೀವಕನೆಂಬ ಎತ್ತೇ ಶಂಜ಼ಬ. ಆರನೆಯ ಶತಮಾನದಲ್ಲಿ ಇರಾನಿನ ಸಸಾನಿ ದೊರೆ ಅನೂಶಿರ್ವಾನನ ಕಾಲದಲ್ಲಿ ಬುರ್ಜ಼ೂಯನೆಂಬ ವೈದ್ಯ ಈ ಕಥೆಗಳನ್ನು ಆಗಿನ ಪರ್ಷಿಯನ್ ಭಾಷೆಯಾದ ಪಹ್ಲವಿಗೆ ತಂದನು. ಆ ಅನುವಾದ ಉಳಿದಿಲ್ಲವಾದರೂ ಅದನ್ನು ಆಧರಿಸಿ ಇಬ್ನ್ ಅಲ್-ಮುಕಫ಼್ಫ಼ ಎಂಟನೆಯ ಶತಮಾನದಲ್ಲಿ ರಚಿಸಿದ ಅರಬ್ಬಿ ಗ್ರಂಥ ಉಳಿಯಿತು, ಅದರಿಂದ ಪರ್ಷಿಯನ್ ರೂಪಗಳು ಹುಟ್ಟಿದವು.

ನಿಮ್ಮ ಮುಂದಿರುವುದು ಯಾವ ರೂಪವೆಂದು ಗುರುತಿಸಲು ಆರಂಭದ ಹಾಳೆಗಳನ್ನು ನೋಡಬೇಕು. ಬುರ್ಜ಼ೂಯನ ಅಧ್ಯಾಯವಿದ್ದರೆ ಅದು ಗಜ್ನಿಯ ಬಹ್ರಾಮ್ ಶಾಹನಿಗಾಗಿ 1145ರ ಸುಮಾರಿಗೆ ನಸ್ರುಲ್ಲಾ ಮುನ್ಷಿ ಬರೆದ ಗದ್ಯವಾಗಿರುವ ಸಾಧ್ಯತೆ ಹೆಚ್ಚು. ದಾಬ್ಶಲೀಂ ರಾಜ ಬಿದ್‌ಪಾಯ್ ಋಷಿಯನ್ನು ಹುಡುಕಿ ಸರಂದೀಪಕ್ಕೆ (ಸಿಂಹಳಕ್ಕೆ) ಹೊರಡುವ ಕಥೆಯಿದ್ದರೆ ಅದು ಹದಿನೈದನೆಯ ಶತಮಾನದ ಕೊನೆಯಲ್ಲಿ ಹೆರಾತಿನ ಹುಸೇನ್ ವಾಇಜ಼್ ಕಾಶಿಫ಼ಿ ರಚಿಸಿದ ‘ಅನ್ವಾರ್-ಇ ಸುಹೈಲಿ’. ಭಾಷೆ ಬಾರದವರು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಈ ಕೆಲಸ ಬೇಗ ಮುಗಿಯುತ್ತದೆ.

ಮುಟ್ಟುವ ಕ್ರಮ ಸರಳವಾದರೂ ಕಟ್ಟುನಿಟ್ಟಾದುದು. ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿಕೊಳ್ಳಬೇಕು. ಹತ್ತಿಯ ಕೈಗವಸು ಹಾಕಿದರೆ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುವ ಭಯವೇ ಹೆಚ್ಚು. ಪುಸ್ತಕ ಬಲದಿಂದ ಎಡಕ್ಕೆ ಓದುವಂಥದ್ದು, ಆದ್ದರಿಂದ ನಮಗೆ ಹಿಂದಿನ ರಟ್ಟೆನಿಸುವುದೇ ಅದರ ಮುಂದಿನ ರಟ್ಟು. ಎಡಬದಿಯ ರಟ್ಟಿಗೆ ಹೊಂದಿಕೊಂಡ ಮಡಿಕೆಯ ಪಟ್ಟಿಯೊಂದು ಹಾಳೆಗಳ ಅಂಚನ್ನು ಬಳಸಿ ಮೇಲಿನ ರಟ್ಟಿನ ಅಡಿಗೆ ಸೇರಿಕೊಂಡಿರುತ್ತದೆ; ಅದರ ಚರ್ಮದ ಕೀಲು ಬೇಗ ಒಡೆಯುವುದರಿಂದ ಅದನ್ನು ನಿಧಾನವಾಗಿ ಬಿಡಿಸಬೇಕು. ಎರಡೂ ರಟ್ಟುಗಳ ಕೆಳಗೆ ದಿಂಬಿನ ಆಸರೆ ಕೊಟ್ಟು, ಪುಸ್ತಕ ತಾನಾಗಿ ತೆರೆದುಕೊಳ್ಳುವಷ್ಟೇ ತೆರೆಯಬೇಕು, ಒತ್ತಿ ಚಪ್ಪಟೆ ಮಾಡಲೇಬಾರದು. ಚಿತ್ರದ ಮೇಲೆ ಬೆರಳಿಟ್ಟು ತೋರಿಸುವ ಅಭ್ಯಾಸವಿದ್ದವರು ಅದನ್ನು ಆ ದಿನದ ಮಟ್ಟಿಗೆ ಮರೆಯಬೇಕು.

ಇನ್ನು ಹಾಳೆಯನ್ನು ಗಮನಿಸಿ. ಗಂಜಿ ಸವರಿ, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತರಿಸಿದ ಕಾಗದವಾದ್ದರಿಂದ ಕಾಡಿಗೆಯ ಶಾಯಿ ಒಳಗೆ ಇಳಿಯದೆ ಮೇಲೆಯೇ ಕೂತಿರುತ್ತದೆ; ಒದ್ದೆ ಬೆರಳೊಂದು ಸಾಕು, ಅಕ್ಷರ ಅಳಿಸಿಹೋಗಲು. ದೀಪವನ್ನು ಬದಿಯಿಂದ ಓರೆಯಾಗಿ ಬೀಳಿಸಿದರೆ ಸಾಲುಗಳ ಅಡಿಯಲ್ಲಿ ನವಿರಾದ ಏಣುಗಳು ಕಾಣಬಹುದು. ಹಲಗೆಯ ಮೇಲೆ ದಾರಗಳನ್ನು ಬಿಗಿದು, ಅದರ ಮೇಲೆ ಹಾಳೆಯನ್ನಿಟ್ಟು ಒತ್ತಿ ಮೂಡಿಸಿದ ಗೆರೆಗಳವು. ಬಲಬದಿಯ ಪುಟದ ಕೆಳಗೆ ಎಡ ಮೂಲೆಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಬರೆದಿರುವುದುಂಟು. ಅದು ಎದುರಿನ ಪುಟದ ಆರಂಭಕ್ಕೆ ಹೊಂದದಿದ್ದರೆ ನಡುವೆ ಹಾಳೆ ಕಳೆದಿದೆ ಅಥವಾ ಕಟ್ಟುವಾಗ ಕ್ರಮ ತಪ್ಪಿದೆ ಎಂದು ಟಿಪ್ಪಣಿ ಮಾಡಿಕೊಳ್ಳಿ.

ಚಿತ್ರಗಳಿಗೆ ಹೆಚ್ಚು ಹೊತ್ತು ಮೀಸಲಿಡಿ. ಆಮೆ ಮತ್ತು ಹಂಸಗಳ ಕಥೆಯನ್ನೇ ತೆಗೆದುಕೊಳ್ಳೋಣ: ಎರಡು ಹಕ್ಕಿಗಳು ಕೋಲಿನ ಎರಡು ತುದಿ ಹಿಡಿದಿವೆ, ನಡುವೆ ಆಮೆ ಬಾಯಿಂದ ಕಚ್ಚಿ ತೂಗುತ್ತಿದೆ, ಕೆಳಗೆ ಜನ ಕತ್ತೆತ್ತಿ ನೋಡುತ್ತಿದ್ದಾರೆ. ಅವರಲ್ಲೊಬ್ಬ ಬೆರಳನ್ನು ತುಟಿಗೆ ತಂದಿದ್ದರೆ, ಅದು ಪರ್ಷಿಯನ್ ಚಿತ್ರಕಲೆಯಲ್ಲಿ ಬೆರಗಿನ ಗುರುತು. ಆಮೆಯ ಬಾಯಿ ಇನ್ನೂ ಮುಚ್ಚಿದೆಯೇ, ತೆರೆದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಚಿತ್ರಕಾರ ಕಥೆಯ ಯಾವ ಗಳಿಗೆಯನ್ನು ಆರಿಸಿಕೊಂಡನೆಂಬುದು ಅಲ್ಲಿ ತಿಳಿಯುತ್ತದೆ, ಮತ್ತು ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಅದಕ್ಕಿಂತ ಮುಖ್ಯವಾದುದು ಬೇರೆ ಇಲ್ಲ. ಕೊಳದ ನೀರು ಕಪ್ಪಾಗಿ ಕಂಡರೆ ಚಿತ್ರಕಾರ ಹಾಗೆ ಬರೆದನೆಂದು ತಿಳಿಯಬೇಡಿ. ನೀರಿಗೆ ಬೆಳ್ಳಿ ಬಳಿಯುವ ರೂಢಿಯಿತ್ತು, ಆ ಬೆಳ್ಳಿ ಕಾಲಕ್ರಮದಲ್ಲಿ ಕಂದಿದೆ. ಹಸಿರು ಗೆರೆಯ ಚೌಕಟ್ಟಿನಲ್ಲಿ ಕಾಗದ ಕಂದಾಗಿ ಬಿರಿದಿದ್ದರೆ ಅದಕ್ಕೆ ತಾಮ್ರದ ಕಿಲುಬಿನಿಂದ ಮಾಡಿದ ಬಣ್ಣ ಕಾರಣ. ಆಳವಾದ ನೀಲಿ ಬದಖ್ಶಾನಿನ ರಾಜಾವರ್ತ ಕಲ್ಲನ್ನು ಅರೆದು ಬಂದಿರಬಹುದು.

ಚಿನ್ನಕ್ಕೆ ಈಗ ಬರಬಹುದು. ಚಿನ್ನದ ತಗಡನ್ನು ಅಂಟಿನೊಂದಿಗೆ ಅರೆದು ಕುಂಚದಿಂದ ಬಳಿಯುತ್ತಿದ್ದರು. ಮೊದಲ ಹಾಳೆಯಲ್ಲಿ ಸೂರ್ಯನಂತೆ ದುಂಡಗಿರುವ ಶಂಸಾ ಅಲಂಕಾರವಿದ್ದು, ಅದರೊಳಗೆ ಬರಹವಿದ್ದರೆ ಪುಸ್ತಕ ಬರೆಯಿಸಿದವನ ಹೆಸರು ಅಲ್ಲಿರಬಹುದು. ಆ ಹೆಸರನ್ನು ಕೆರೆದು ಹೊಸದನ್ನು ಬರೆದಿದ್ದಾರೆಯೇ ಎಂಬುದನ್ನೂ ಪರೀಕ್ಷಿಸಿ.

ಕೊನೆಯ ಪುಟದ ಪುಷ್ಪಿಕೆಯಲ್ಲಿ, ಎಂದರೆ ಲಿಪಿಕಾರನ ಮುಕ್ತಾಯದ ಟಿಪ್ಪಣಿಯಲ್ಲಿ, ಸಾಲುಗಳು ತ್ರಿಕೋನದಂತೆ ಕಿರಿದಾಗುತ್ತಾ ಲಿಪಿಕಾರನ ಹೆಸರು, ಊರು, ಹಿಜರಿ ವರ್ಷಗಳನ್ನು ಹೇಳುತ್ತವೆ. ಮೂರೂ ಎಲ್ಲ ಪ್ರತಿಗಳಲ್ಲಿ ಇರುವುದಿಲ್ಲ. ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಹತ್ತಿರಕ್ಕೆ ಬರುತ್ತದೆ. ಹೆರಾತಿನಲ್ಲಿ ತೈಮೂರಿ ರಾಜಕುಮಾರ ಬೈಸುಂಘುರನಿಗಾಗಿ ಸಿದ್ಧವಾಗಿ, ಈಗ ಇಸ್ತಾಂಬುಲಿನ ತೋಪ್‌ಕಪಿ ಅರಮನೆಯಲ್ಲಿರುವ ಹೆಸರಾಂತ ಪ್ರತಿಯ ವರ್ಷ ಹಿಜರಿ 833, ಎಂದರೆ 1429-30. ಆದರೂ ತಾರೀಖನ್ನೇ ನಂಬಿ ಕೂರಬಾರದು, ಹಳೆಯ ಪ್ರತಿಯ ಪುಷ್ಪಿಕೆಯನ್ನು ಹಾಗೆಯೇ ನಕಲು ಮಾಡಿದವರೂ ಇದ್ದಾರೆ. ಪರ್ಷಿಯನ್ ಬರೆಯುವ ಓರೆ ಇಳಿಜಾರಿನ ನಸ್ತಾಲಿಕ್ ಲಿಪಿ ರೂಪುಗೊಂಡದ್ದು ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ. ಆ ಲಿಪಿಯಲ್ಲಿರುವ ಪುಸ್ತಕ ತಾನು 1200ರದೆಂದು ಹೇಳಿಕೊಂಡರೆ ಒಪ್ಪುವಂತಿಲ್ಲ.

ಇದಕ್ಕಿಂತ ದೊಡ್ಡ ಮೋಸವೊಂದಿದೆ. ಬೇರಾವುದೋ ಹಳೆಯ ಪುಸ್ತಕದ ಹಾಳೆಯ ಮೇಲೆ ಹೊಸದಾಗಿ ಸಿಂಹ, ನರಿಗಳನ್ನು ಬರೆದು ಮಾರುತ್ತಾರೆ. ಕಾಗದ ಹಳೆಯದು, ಬರಹ ಹಳೆಯದು, ಚಿತ್ರ ಮಾತ್ರ ಹೊಸದು. ಬಣ್ಣದ ಅಡಿಯಲ್ಲಿ ಅಕ್ಷರಗಳು ಮುಳುಗಿವೆಯೇ ಎಂದು ನೋಡಿ, ಆಮೇಲೆ ಚಿತ್ರದ ಮೇಲಿನ ಮತ್ತು ಕೆಳಗಿನ ಸಾಲುಗಳನ್ನು ಓದಿಸಿ. ಬಾವಿಯಲ್ಲಿ ತನ್ನ ನೆರಳನ್ನು ನೋಡುವ ಸಿಂಹದ ಚಿತ್ರದ ಸುತ್ತ ಸಿಂಹ, ಮೊಲ, ಬಾವಿ ಎಂಬ ಪದಗಳು ಬರಲೇಬೇಕು. ಅಲ್ಲಿ ವ್ಯಾಕರಣವೋ ಧರ್ಮಶಾಸ್ತ್ರವೋ ಇದ್ದರೆ ಆ ಹಾಳೆಯ ಮೇಲೆ ಆಸೆಯಿಡಬೇಡಿ.

ನೋಡಿ ಮುಗಿದ ಮೇಲೆ ಹಾಳೆಗಳ ನಡುವೆ ಗುರುತಿನ ಚೀಟಿ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಮಡಿಕೆಯ ಪಟ್ಟಿಯನ್ನು ಮತ್ತೆ ಮೇಲಿನ ರಟ್ಟಿನ ಅಡಿಗೆ ಸೇರಿಸಿ, ಪುಸ್ತಕವನ್ನು ನಿಲ್ಲಿಸದೆ ಮಲಗಿಸಿ ಇಡಿ.