ತಮ್ಮನ ಹತ್ತಿರ ಸಾಲ ಮಾಡಿದ್ದು

ನಮ್ಮ ಮನೆಗೂ ತಮ್ಮನ ಮನೆಗೂ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಅಡಿಕೆ ಮರದ ಸಂಕ. ಎಂಟು ಹೆಜ್ಜೆ ಹಾಕಿದರೆ ಆಚೆ ದಡ. ಒಂಬತ್ತು ವರ್ಷ ಆ ಎಂಟು ಹೆಜ್ಜೆಯನ್ನು ನಾನೂ ಹಾಕಲಿಲ್ಲ, ಅವನೂ ಹಾಕಲಿಲ್ಲ.

ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಹಿಸ್ಸೆ ಆದದ್ದು 2009ರಲ್ಲಿ. ತೋಟ, ಗದ್ದೆ, ಸೊಪ್ಪಿನಬೆಟ್ಟ, ಅಬ್ಬಿ ನೀರಿನ ಪಾಳಿ, ಅಡಿಕೆ ಬೇಯಿಸುವ ಹಂಡೆ, ಕಡೆಗೆ ಅಟ್ಟದ ಮೇಲಿದ್ದ ಹಳೇ ಕೊಳಗವನ್ನೂ ಬಿಡದೆ ಹಂಚಿಕೊಂಡೆವು. ಮಾತು ನಿಂತದ್ದು ಗಡಿಯ ಮೇಲಿದ್ದ ಹಲಸಿನ ಮರದಿಂದ. ಅದನ್ನು ಕಡಿದವರು ಯಾರು ಅಂತ ಬರೆಯುವುದಿಲ್ಲ. ತಮ್ಮ ಓದಿದರೆ ಮತ್ತೆ ಶುರುವಾಗುತ್ತದೆ.

ಅಕ್ಕನ ವಿಷಯವನ್ನೂ ಹೇಳಿಬಿಡಬೇಕು. 2005ರಲ್ಲೇ ಕಾನೂನು ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಬಂದಿತ್ತು. ಆದರೂ ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಒಂದು ಸೀರೆ ಉಡಿಸಿಕೊಂಡು ಬಸ್ಸು ಹತ್ತಿದಳು. "ನೀವಿಬ್ಬರು ಚೆನ್ನಾಗಿದ್ದರೆ ಸಾಕು" ಅಂದಿದ್ದಳು. ಅದೊಂದನ್ನೂ ನಾವು ಮಾಡಲಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರಲ್ಲ, ನಾವು ಆ ಗಾದೆಯನ್ನು ಚಾಚೂ ತಪ್ಪದೆ ಪಾಲಿಸಿದವರು.

ಸರಿಮಾಡಿಕೊಳ್ಳಬೇಕು ಅಂತ ನನಗೆ ಅನ್ನಿಸಿರಲಿಲ್ಲ ಅಂತಲ್ಲ. ಒಂದು ಮದುವೆ ಮನೆಯಲ್ಲಿ ಹಿರಿಯರು ನಾಲ್ಕು ಜನ ಇಬ್ಬರನ್ನೂ ಎದುರುಬದುರು ಕೂರಿಸಿದರು. "ಮಾತಾಡಿ" ಅಂದರು. ಆಡಿದೆವು, ಊಟದ ಎಲೆ ಬಿಟ್ಟು ಏಳುವಷ್ಟು ಆಡಿದೆವು. ಆಮೇಲೊಂದು ಬೇಸಿಗೆಯಲ್ಲಿ ನಾನೇ ಒಂದು ಪಾತ್ರೆ ಅಪ್ಪೆಮಿಡಿಯನ್ನು ಆಳಿನ ಕೈಲಿ ಕಳಿಸಿದೆ. ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸುವ ಪದ್ಧತಿಯಿಲ್ಲ. ವಾರ ಬಿಟ್ಟೋ ತಿಂಗಳು ಬಿಟ್ಟೋ ನಾಲ್ಕು ಮೊಗೆಕಾಯಿ, ಒಂದು ಹಿಡಿ ಸೂಜಿಮೆಣಸು, ಏನಾದರೊಂದು ಹಾಕಿ ಕಳಿಸುತ್ತಾರೆ. ತಮ್ಮ ಅದೇ ದಿನ ಸಂಜೆ ಅದೇ ಪಾತ್ರೆಯ ತುಂಬ ಕಾಳುಮೆಣಸು ಕಳಿಸಿದ. ಮಿಡಿಯ ಬೆಲೆಗಿಂತ ಒಂದು ಕೈ ಮೇಲೆಯೇ. ನನ್ನ ಹೆಂಡತಿ ಪಾತ್ರೆ ನೋಡಿ, "ಇದು ಕೊಟ್ಟಿದ್ದಲ್ಲ, ತೀರಿಸಿದ್ದು" ಅಂದಳು.

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಅಪ್ಪಯ್ಯನ ಕಾಲದ ಮುಯ್ಯಾಳು ನೆನಪಾಯಿತು. ನಟ್ಟಿಗೆ ಅವರ ಮನೆಯ ನಾಲ್ಕು ಜನ ನಮ್ಮ ಗದ್ದೆಗೆ, ನಮ್ಮ ನಾಲ್ಕು ಜನ ಅವರ ಗದ್ದೆಗೆ. ಊಟ ಉಂಟು, ಕೂಲಿ ಇಲ್ಲ. ಯಾರ ಮನೆಗೆ ಎಷ್ಟು ಮುಯ್ಯಿ ಬಾಕಿ ಅಂತ ಅಪ್ಪಯ್ಯ ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆಯುತ್ತಿದ್ದರು. ಆ ಗೋಡೆ ಪೂರ್ತಿ ಬಿಳಿಯಾದದ್ದನ್ನು ನಾನು ಕಂಡಿಲ್ಲ. ನಮ್ಮ ಕಡೆ ಎರಡಾಳು ಬಾಕಿ ಅಂದರೆ ಮೂರಾಳು ಹೋಗುತ್ತಿದ್ದೆವು. ಈಗ ಅವರು ನಮಗೆ ಬಾಕಿ. ಚಿಕ್ಕವನಿದ್ದಾಗ ಇದು ಲೆಕ್ಕ ಬಾರದವರ ಕೆಲಸ ಅಂದುಕೊಂಡಿದ್ದೆ. ಮಂಡಿಗೆ ಅಡಿಕೆ ಹಾಕಿದರೆ ಪೈಸೆ ಸಮೇತ ಚೀಟಿ ಬರಬೇಕು, ಅಲ್ಲಿ ಹಾಗೇ ಇರಬೇಕು. ಆದರೆ ನಾವು ಹಿಸ್ಸೆಯಲ್ಲಿ ಮಾಡಿದ್ದು ಮನೆಯೊಳಗೆ ಮಂಡಿ ಲೆಕ್ಕ. ಕೊಳಗದವರೆಗೆ ಎಲ್ಲ ಚುಕ್ತಾ. ಅವನ ಮನೆಗೆ ಹೋಗಲು ನನಗಾಗಲಿ, ನನ್ನ ಮನೆಗೆ ಬರಲು ಅವನಿಗಾಗಲಿ ಒಂದು ನೆಪವನ್ನೂ ಉಳಿಸಿಕೊಂಡಿರಲಿಲ್ಲ.

ಹಾಗಾದರೆ ನಾನು ಕೊಡುವುದಲ್ಲ, ಕೇಳಬೇಕು. ಇದು ಹೊಳೆದ ಮೇಲೂ ವರ್ಷಗಟ್ಟಲೆ ಕೇಳಲಿಲ್ಲ. ನಾನು ದೊಡ್ಡವನು. ದೊಡ್ಡವನು ಕೊಡಬಹುದು, ಕ್ಷಮಿಸಬಹುದು. ಕೇಳುವುದು ಮಾತ್ರ ಬಲು ಕಷ್ಟ.

2018ರ ಮಳೆಗಾಲ ಕೇಳಿಸಿತು. ಆ ವರ್ಷ ಮಲೆನಾಡಿನಲ್ಲಿ ಮಳೆ ಹೇಗೆ ಹೊಯ್ದಿತ್ತು ಅಂತ ತೋಟ ಇದ್ದವರಿಗೆಲ್ಲ ಗೊತ್ತು. ಅಡಿಕೆಯ ಕೊಳೆ ರೋಗಕ್ಕೆ ಮಳೆ ಹಿಡಿಯುವ ಮೊದಲೊಂದು ಸಲ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಎರಡನೇ ಔಷಧಿಗೆ ಮಳೆ ಬಿಟ್ಟ ಹೊಳವೇ ಸಿಗಲಿಲ್ಲ. ಮರದ ಬುಡದಲ್ಲಿ ಎಳೆಗಾಯಿ ಉದುರಿ ಬೀಳತೊಡಗಿದವು. ಆಗಸ್ಟ್‌ನಲ್ಲಿ ಒಂದು ದಿನ ಬೆಳಿಗ್ಗೆ ಬಿಸಿಲು ಬಿತ್ತು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನೂ ಸಿಕ್ಕ, ನನ್ನ ಪಂಪು ಕೈಕೊಟ್ಟಿತು. ಪೇಟೆಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಮಳೆ ಹಿಡಿಯುತ್ತದೆ.

ಸಂಕ ದಾಟಿದೆ. ತಮ್ಮ ಜಗುಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. "ಪಂಪು ಬೇಕಿತ್ತು" ಅಂದೆ. ಬೇರೇನೂ ಬಾಯಿಗೆ ಬರಲಿಲ್ಲ. ಅವನು ಕತ್ತಿ ಕೆಳಗಿಟ್ಟು ಒಳಗೆ ಹೋದ. ಬರುತ್ತಾನೋ ಇಲ್ಲವೋ ಗೊತ್ತಾಗದೆ ಅಂಗಳದಲ್ಲಿ ನಿಂತೇ ಇದ್ದೆ. ಅವನ ನಾಯಿಗೆ ನನ್ನ ಗುರುತಿಲ್ಲ, ಬೊಗಳಿದ್ದೇ ಬೊಗಳಿದ್ದು. ಆಮೇಲೆ ಪಂಪು ಹೊತ್ತುಕೊಂಡು ಬಂದವನು ನನ್ನ ಕೈಗೆ ಕೊಡದೆ, ಮುಂದೆ ಮುಂದೆ ನಡೆದ.

ನಮ್ಮ ತೋಟದಲ್ಲಿ ನಾನು ಒಂದು ಡ್ರಮ್ಮಿನಲ್ಲಿ ಐವತ್ತು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಇನ್ನೊಂದರಲ್ಲಿ ಅಷ್ಟೇ ನೀರಿಗೆ ಒಂದು ಕೆಜಿ ಸುಣ್ಣ ಕರಗಿಸಿ ಇಟ್ಟಿದ್ದೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಹೋದೆ, ಅವನು ಕೋಲಿನಲ್ಲಿ ತಿರುವಿದ. ಮುಗಿದ ಮೇಲೆ ಸೊಂಟದ ಕತ್ತಿಯನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿದ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತ್ತು.

"ಸುಣ್ಣ ಸಾಲ್ದು" ಅಂದ.

ಮದುವೆ ಮನೆಯ ಜಗಳ ಬಿಟ್ಟರೆ, ಒಂಬತ್ತು ವರ್ಷದಲ್ಲಿ ಅವನು ನನಗೆ ಹೇಳಿದ ಮೊದಲ ಮಾತು. ಮಗ ಆಮೇಲೆ ಕೇಳಿದ, "ಅಷ್ಟೇನಾ? ಚಿಕ್ಕಪ್ಪ ಬೇರೆ ಎಂತದೂ ಹೇಳ್ಲಿಲ್ವಾ?" ಹೇಳಲಿಲ್ಲ. ಇನ್ನಷ್ಟು ಸುಣ್ಣ ಹಾಕಿದೆವು, ಸಂಜೆಯವರೆಗೆ ಇಬ್ಬರೂ ಪೈಪು ಎಳೆದೆವು. ಮದುವೆ ಮನೆಯಲ್ಲಿ ಮುಖ ಮುಖ ನೋಡಿಕೊಂಡು ಕೂತಾಗ ಹಲಸಿನ ಮರವೊಂದೇ ಕಣ್ಣ ಮುಂದೆ ಬಂದಿತ್ತು. ಈಗ ಇಬ್ಬರ ಕಣ್ಣೂ ಕೊನೆಗಾರ ಹತ್ತಿದ ಮರದ ತಲೆಯ ಮೇಲಿತ್ತು. ನನಗೆ ಅನುಕೂಲವಾದದ್ದು ಅದು.

ಇಷ್ಟಾದ ಮೇಲೆ ನಾನು ದಡ್ಡತನ ಮಾಡಿದೆ. ಮಾರನೇ ದಿನ ಪೆಟ್ರೋಲಿಗೂ ಅವನ ಒಂದು ದಿನದ ದುಡಿಮೆಗೂ ಅಂತ ದುಡ್ಡನ್ನು ಕವರಿನಲ್ಲಿ ಹಾಕಿ, ತೊಳೆದ ಪಂಪಿನ ಜೊತೆ ಕಳಿಸಿಕೊಟ್ಟೆ. ಯಾರದೂ ಇಟ್ಟುಕೊಳ್ಳಬಾರದು ಅನ್ನುವ ಒಳ್ಳೆಯ ಬುದ್ಧಿ! ಕವರು ಹಾಗೇ ವಾಪಸು ಬಂತು. ಅವನು ಬರಲಿಲ್ಲ. ಎದುರಿಗೆ ಸಿಕ್ಕರೂ ಎರಡು ತಿಂಗಳು ಮಾತಿಲ್ಲ. ಮೆಣಸು ಕಳಿಸಿ ಅವನು ನನಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡಿದ್ದೆ.

ಆ ವರ್ಷ ಭೂಮಿ ಹುಣ್ಣಿಮೆಗೆ ನನ್ನ ಹೆಂಡತಿ ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದ್ದಳು. ರಾತ್ರಿಯಿಡೀ ಬಗೆಬಗೆಯ ಸೊಪ್ಪು ಬೇಯಿಸಿ, ಕಡುಬು ಮಾಡಿ, ನಸುಕಿಗೆ ಬುಟ್ಟಿ ಹೊತ್ತು ಅದನ್ನೆಲ್ಲ ಚರಗ ಅಂತ ಭೂಮಿಗೆ ಬಡಿಸುವ ಹಬ್ಬ ಅದು. ಒಬ್ಬನೇ ಗಂಡಸಿನಿಂದ ಆಗುವ ಕೆಲಸವಲ್ಲ. ಹಿಂದಿನ ಸಂಜೆ ಮತ್ತೆ ಸಂಕ ದಾಟಿ, ತಮ್ಮನ ಹೆಂಡತಿಯ ಹತ್ತಿರ "ನಮ್ಮ ತೋಟಕ್ಕೂ ಬೀರೋಕೆ ಒಂಚೂರು ಚರಗ ಎತ್ತಿಡಮ್ಮ" ಅಂದೆ. ಅವಳು, "ಚರಗ ಒಂದೇ ಎಂತಕ್ಕೆ ಭಾವ, ಊಟಕ್ಕೂ ಬನ್ನಿ" ಅಂದಳು. ತಮ್ಮ ಒಳಗಿನಿಂದಲೇ, "ಕವರು ತರೋದು ಬೇಡ ಅನ್ನು" ಅಂತ ಕೂಗಿದ. ಬೆಳಗಿನ ಜಾವ ಒಂದೇ ಬುಟ್ಟಿಯಿಂದ ಎರಡೂ ತೋಟಕ್ಕೆ ಬೀರಿದೆವು. ಅಚ್ಚಂಬಲಿ ಹಾಲಂಬಲಿ ಅಂತ ಅವನು ಕೂಗಿದ್ದು ಅಪ್ಪಯ್ಯನ ಗಂಟಲೇ. ನಾನು ಆ ಕಡೆ ಮುಖ ಮಾಡಿ ನಿಂತುಕೊಂಡೆ.

ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ವಾರಗಿತ್ತಿಯರು ಇನ್ನೂ ಅಳೆದೇ ಮಾತಾಡುತ್ತಾರೆ. ಆ ಒಂಬತ್ತು ವರ್ಷದಲ್ಲಿ ಅವರು ನುಂಗಿದ್ದು ನಮಗಿಂತ ಹೆಚ್ಚು, ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ಹಲಸಿನ ಮರದ ಬುಡದ ಹತ್ತಿರ ಬಂದಾಗ ಇಬ್ಬರೂ ಮಳೆಯ ವಿಷಯ ತೆಗೆಯುತ್ತೇವೆ. ಅಕ್ಕನ ಬಾಕಿ ಹಾಗೇ ಇದೆ. ಹೋದ ದೀಪಾವಳಿಗೆ ಬಂದವಳು ಮೂರು ದಿನ ಎರಡೂ ಮನೆಯಲ್ಲಿ ಉಂಡು, ಹೊರಡುವಾಗ "ನನ್ನ ಪಾಲು ಯಾವಾಗ ಕೊಡ್ತೀರಿ?" ಅಂತ ನಕ್ಕಳು. ಅವಳ ನಗುವಿನಲ್ಲಿ ತಮಾಷೆ ಎಷ್ಟಿತ್ತೋ. ನಾವಿಬ್ಬರೂ ಈಗ ಆ ವಿಷಯ ಮಾತಾಡುತ್ತಿದ್ದೇವೆ, ಕಾಗದದಲ್ಲೇ ಆಗಬೇಕು ಅಂತ. ಎಲ್ಲ ಬಾಕಿಯೂ ಬಾಕಿ ಉಳಿಯಬೇಕಾದ್ದಲ್ಲ.

ಪಂಪಿನದು ಮಾತ್ರ ಬೇರೆ. ಈ ವರ್ಷ ಮೊದಲ ಔಷಧಿ ಮುಗಿದ ಮೇಲೆ ನಾನು ಅದನ್ನು ವಾಪಸು ಕೊಡಲಿಲ್ಲ. ನಮ್ಮ ಕೊಟ್ಟಿಗೆಯ ಮೂಲೆಯಲ್ಲಿದೆ. ನಿನ್ನೆ ಸಂಕದ ಆಚೆಯಿಂದ ಕೂಗಿದ, "ಅಣ್ಣಯ್ಯಾ, ಪಂಪು ಕೊಡ್ತೀಯಾ ಇಲ್ವಾ?"

"ಬೇಕಿದ್ರೆ ಬಂದು ತಗೊಂಡು ಹೋಗು ಮಾರಾಯ" ಅಂದೆ. ಒಳಗೆ ಹೋಗಿ ಕಾಫಿಗೆ ನೀರಿಡಲು ಹೇಳಿದೆ.