ಥೈರಾಯ್ಡ್ ಮಾತ್ರೆ ಶುರುವಾದ ಮೇಲೂ ಸುಸ್ತೇ? ದಿನವನ್ನು ಹೊಂದಿಸಿಕೊಳ್ಳುವುದು ಹೀಗೆ

ಥೈರಾಯ್ಡ್ ಗ್ರಂಥಿ ಮಂದವಾಗಿದೆ ಎಂದು ಗೊತ್ತಾಗಿ ಲೆವೊಥೈರಾಕ್ಸಿನ್ ಮಾತ್ರೆ ಆರಂಭಿಸಿದ ಬಹಳಷ್ಟು ಮಂದಿ ಹದಿನೈದು ದಿನಕ್ಕೇ ನಿರಾಶರಾಗುತ್ತಾರೆ. ಆದರೆ ಈ ಔಷಧ ದೇಹದಲ್ಲಿ ಅರ್ಧದಷ್ಟು ಕಡಿಮೆಯಾಗಲು ಸುಮಾರು 7 ದಿನ ಹಿಡಿಯುವುದರಿಂದ, ರಕ್ತದಲ್ಲಿ ಅದರ ಮಟ್ಟ ಒಂದು ಹದಕ್ಕೆ ಬಂದು ನಿಲ್ಲಲು 5ರಿಂದ 6 ವಾರಗಳಾದರೂ ಬೇಕು. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಆರಂಭಿಸಿ ನಿಧಾನವಾಗಿ ಏರಿಸುವುದರಿಂದ ಚೇತರಿಕೆಯೂ ಅಷ್ಟೇ ನಿಧಾನ. ಈ ಅವಧಿಯ ಆಯಾಸವನ್ನು ಸೋಮಾರಿತನವೆಂದು ಮನೆಯವರು ಎಣಿಸಬಾರದು, ರೋಗಿಯೂ ಎಣಿಸಬಾರದು.

ಮೊದಲು ಮಾತ್ರೆಯ ಹೊತ್ತನ್ನು ಸರಿಪಡಿಸಿ

ಬೆಳಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಮಾತ್ರೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಏನನ್ನೂ ಸೇವಿಸಬಾರದು. ನಮ್ಮ ಮನೆಗಳಲ್ಲಿ ಈ ನಿಯಮಕ್ಕೆ ದೊಡ್ಡ ಎದುರಾಳಿ ಕಾಫಿ. ಮಾತ್ರೆಯ ಬೆನ್ನಿಗೇ ಕುಡಿದ ಕಾಫಿಯೂ ಹಾಲೂ ಔಷಧ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತವೆ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಕಾದರೆ ಸಾಲದು. ಕಾಫಿ ತಡವಾದರೆ ತಲೆನೋವು ಬರುತ್ತದೆ ಎನ್ನುವವರು ವೈದ್ಯರನ್ನು ಕೇಳಿ, ರಾತ್ರಿ ಊಟವಾಗಿ ಕನಿಷ್ಠ 3 ಗಂಟೆ ಕಳೆದ ಮೇಲೆ, ಮಲಗುವ ಮುನ್ನ ಮಾತ್ರೆ ತೆಗೆದುಕೊಳ್ಳಬಹುದು. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ 4 ಗಂಟೆಯ ಅಂತರವಿರಲಿ. ಮಾತ್ರೆಯ ಡಬ್ಬಿಯನ್ನು ಒಲೆಯ ಪಕ್ಕದ ಗೂಡಿನಲ್ಲಿಡುವ ಅಭ್ಯಾಸವೂ ಒಳ್ಳೆಯದಲ್ಲ, ಏಕೆಂದರೆ ಬಿಸಿ, ತೇವ, ಬೆಳಕು ಮೂರೂ ಅದರ ಸತ್ವವನ್ನು ಕುಂದಿಸುತ್ತವೆ.

ಬಳಿಕ ಕೆಲಸವನ್ನು ಹಂಚಿ

ಒಂದು ವಾರ ಕಾಲ ಯಾವ ಹೊತ್ತಿನಲ್ಲಿ ಮೈ ಹಗುರ, ಯಾವಾಗ ಕೈಕಾಲು ಸೋಲುತ್ತವೆ ಎಂಬುದನ್ನು ಕ್ಯಾಲೆಂಡರಿನ ಮೇಲೆಯೇ ಗುರುತು ಹಾಕಿ. ಭಾರದ ಕೆಲಸಗಳನ್ನು ಹಗುರವಾದ ಹೊತ್ತಿಗೆ ಇಟ್ಟುಕೊಂಡು, ಉಳಿದವುಗಳನ್ನು ತುಂಡು ಮಾಡಿ: ಬಟ್ಟೆ ಒಗೆದ ದಿನವೇ ಮನೆಯನ್ನೆಲ್ಲ ಒರೆಸಬೇಕಿಲ್ಲ, ತರಕಾರಿಯನ್ನು ಕುಳಿತೇ ಹೆಚ್ಚಬಹುದು. ಒಂದು ದಿನ ಚೈತನ್ಯ ಬಂತೆಂದು ಬಾಕಿ ಕೆಲಸವನ್ನೆಲ್ಲ ಮುಗಿಸಹೊರಟು ಮರುದಿನ ಹಾಸಿಗೆ ಹಿಡಿಯುವುದು ಸಾಮಾನ್ಯ; ಆ ಉತ್ಸಾಹಕ್ಕೆ ಕಡಿವಾಣ ಹಾಕುವುದೇ ಇಲ್ಲಿನ ಕಷ್ಟದ ಭಾಗ. ಹಾಗೆಂದು ಪೂರ್ತಿ ಮಲಗಿಬಿಡುವುದೂ ಬೇಡ. 10 ನಿಮಿಷದ ನಡಿಗೆಯಿಂದ ಆರಂಭಿಸಿ, ಮರುದಿನದ ಆಯಾಸವನ್ನು ನೋಡಿಕೊಂಡು ಹೆಚ್ಚಿಸಿ. ಮಧ್ಯಾಹ್ನದ ನಿದ್ರೆ ಅರ್ಧ ಗಂಟೆಯೊಳಗೆ ಮುಗಿದರೆ ರಾತ್ರಿಯದು ಕೆಡುವುದಿಲ್ಲ.

ಪರೀಕ್ಷೆ ಮತ್ತು ನಂತರ

ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಪರೀಕ್ಷೆ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನಿನ ಮಟ್ಟ ತಿಳಿಸುವ ರಕ್ತಪರೀಕ್ಷೆ) ಮಾಡಿಸಬೇಕು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಅದು ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ಟಿಎಸ್‌ಎಚ್ ಸರಿಯಾದ ಮೇಲೂ ಸುಸ್ತು ಉಳಿದರೆ ಎಲ್ಲವನ್ನೂ ಥೈರಾಯ್ಡ್‌ನ ತಲೆಗೆ ಕಟ್ಟಬೇಡಿ. ರಕ್ತಹೀನತೆ, ವಿಟಮಿನ್ ಬಿ12 ಕೊರತೆ (ಶುದ್ಧ ಸಸ್ಯಾಹಾರಿಗಳಲ್ಲಿ ಇದರ ಸಂಭವ ಹೆಚ್ಚು), ಸಕ್ಕರೆ ಕಾಯಿಲೆ, ಖಿನ್ನತೆ, ಜೋರಾಗಿ ಗೊರಕೆ ಹೊಡೆಸಿ ನಿದ್ರೆಯಲ್ಲಿ ಉಸಿರು ಕಟ್ಟಿಸುವ ಸ್ಲೀಪ್ ಆಪ್ನಿಯಾ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಸುಸ್ತು ಹೋಗಲಿಲ್ಲವೆಂದು ತಾವಾಗಿಯೇ ಇನ್ನರ್ಧ ಮಾತ್ರೆ ಸೇರಿಸಿಕೊಳ್ಳುವುದು ಅಪಾಯ: ಪ್ರಮಾಣ ಮಿತಿಮೀರಿದರೆ ಎದೆಬಡಿತ ಏರುಪೇರಾಗಿ, ಕೈ ನಡುಗಿ, ನಿದ್ರೆಗೆಟ್ಟು, ವರ್ಷಗಟ್ಟಲೆ ಹಾಗೇ ಮುಂದುವರಿದರೆ ಮೂಳೆಯೂ ಸವೆಯುತ್ತದೆ. ಅಯೋಡಿನ್ ಕ್ಯಾಪ್ಸೂಲುಗಳನ್ನೂ ತಾವಾಗಿ ನುಂಗಬೇಡಿ. ಅಡುಗೆಗೆ ಬಳಸುವ ಅಯೋಡಿನ್‌ಯುಕ್ತ ಉಪ್ಪು ಸಾಕು.

ಮುಂದಿನ ಪರೀಕ್ಷೆಯವರೆಗೆ ಕಾಯಬಾರದ ಸಂದರ್ಭಗಳೂ ಇವೆ. ಎದೆನೋವು, ಉಸಿರಾಟದ ತೊಂದರೆ ಅಥವಾ ಮೈ ತಣ್ಣಗಾಗಿ ಮಂಪರು, ಗೊಂದಲ ಕಾಣಿಸಿಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯೆಂದು ಗೊತ್ತಾದ ಮಹಿಳೆಯರಿಗೆ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ, ಮಾತ್ರೆಯನ್ನು ನಿಲ್ಲಿಸದೆ ಅದೇ ವಾರ ವೈದ್ಯರನ್ನು ಕಾಣಬೇಕು.